ಓದುಗರ ಪ್ರಶ್ನೆಗಳಿಗೆ ಉತ್ತರ: ಟರ್ಕಿಯ ಕಡಲದಂಡೆಯಲ್ಲಿ ಮೀನೂಟ

ಪ್ರಶ್ನೆ: ಬರುವ ಸೆಪ್ಟೆಂಬರ್ ಕೊನೆಯಲ್ಲಿ ನಾವು ಮನೆಮಂದಿಯೆಲ್ಲ ಇಸ್ತಾಂಬುಲ್ ಮತ್ತು ಫೆತಿಯೆ ಊರುಗಳಿಗೆ ಪ್ರವಾಸ ಹೊರಟಿದ್ದೇವೆ. ಕಾರವಾರ, ಅಂಕೋಲಾ ಕಡೆಯಿಂದ ಬರುವ ಬಂಗಡೆ, ಇಸ್ವಾಣ ತಿಂದು ರೂಢಿಯಾದ ನಮಗೆ ಅಲ್ಲಿಯ ಸಮುದ್ರದಂಡೆಯ ಮೀನಿನ ಹೋಟೆಲ್‌ಗಳಲ್ಲಿ ಉಣ್ಣಬೇಕೆಂಬ ಆಸೆಯಿದೆ. ಆದರೆ ಬಿಲ್ ನೋಡಿ ಗಾಬರಿಯಾದವರ ಮಾತನ್ನೂ ಕೇಳಿದ್ದೇವೆ. ಯಾವ ಮೀನು ಕೇಳಬೇಕು, ಮೋಸ ಹೋಗದಂತೆ ಹೇಗೆ ನೋಡಿಕೊಳ್ಳಬೇಕು?
— ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ನೀವು ಆರಿಸಿಕೊಂಡ ಕಾಲ ಒಳ್ಳೆಯದು. ನಮ್ಮ ಕರಾವಳಿಯಲ್ಲಿ ಜೂನ್, ಜುಲೈ ತಿಂಗಳಲ್ಲಿ ಯಾಂತ್ರಿಕ ದೋಣಿಗಳು ದಡ ಸೇರುವಂತೆ ಟರ್ಕಿಯಲ್ಲಿ ಏಪ್ರಿಲ್ 15ರಿಂದ ಆಗಸ್ಟ್ ಮುಗಿಯುವವರೆಗೆ ದೊಡ್ಡ ಬಲೆಯ ದೋಣಿಗಳಿಗೆ ನಿಷೇಧವಿರುತ್ತದೆ. ಸೆಪ್ಟೆಂಬರ್ 1ಕ್ಕೆ ದೋಣಿಗಳು ಮತ್ತೆ ಕಡಲಿಗಿಳಿದಾಗ, ಕಪ್ಪು ಸಮುದ್ರದಿಂದ ಬೋಸ್ಫರಸ್ ಜಲಸಂಧಿಯ ಮೂಲಕ ಮರ್ಮರಾ ಸಮುದ್ರದ ಕಡೆಗೆ ವಲಸೆ ಹೊರಟ ‘ಪಾಲಾಮುತ್’ ಮೀನಿನ ಹಂಗಾಮು ಶುರುವಾಗುತ್ತದೆ. ಅದರ ಬೆನ್ನಿಗೇ ಇಸ್ತಾಂಬುಲ್‌ನವರು ಪ್ರಾಣ ಬಿಡುವ ‘ಲುಫೆರ್’ ಬರುತ್ತದೆ. ಬೆಳ್ಳಿಯಂತೆ ಮಿನುಗುವ ಸಣ್ಣ ‘ಹಮ್ಸಿ’ ಮಾತ್ರ ಚಳಿಗಾಲದ್ದು, ಅದಕ್ಕೆ ಆಸೆಪಡಬೇಡಿ. ‘ಲೆವ್ರೆಕ್’ ಮತ್ತು ‘ಚಿಪುರಾ’ ವರ್ಷವಿಡೀ ಸಿಗುತ್ತವೆ, ಏಕೆಂದರೆ ಅವು ಬಹುಪಾಲು ಈಜಿಯನ್ ಕರಾವಳಿಯ ಸಾಕಣೆ ಕೇಂದ್ರಗಳಿಂದ ಬಂದವು. ರುಚಿಯಲ್ಲಿ ಕೊರತೆಯೇನೂ ಇಲ್ಲ. ಆದರೆ ಕಡಲಲ್ಲಿ ಹಿಡಿದ ಅದೇ ಜಾತಿಯ ಮೀನಿಗೆ ಬೆಲೆ ಬಹಳ ಹೆಚ್ಚು. ಆದ್ದರಿಂದ ಸಾಕಿದ್ದೋ ಹಿಡಿದದ್ದೋ ಎಂದು ಮೊದಲೇ ಕೇಳಿ.

ಗಾಬರಿ ಹುಟ್ಟಿಸುವ ಬಿಲ್‌ಗೆ ಸಾಮಾನ್ಯವಾಗಿ ಎರಡು ಕಾರಣಗಳಿರುತ್ತವೆ. ಮೀನನ್ನು ಬಹಳ ಕಡೆ ಕಿಲೋ ಲೆಕ್ಕದಲ್ಲಿ ಮಾರುತ್ತಾರೆ. ಗಿರಾಕಿ ಮಂಜುಗಡ್ಡೆಯ ಮೇಲೆ ಹರವಿದ ಮೀನನ್ನು ಬೆರಳು ಮಾಡಿ ತೋರಿಸಿ ತನ್ನ ಮೇಜಿಗೆ ಮರಳುತ್ತಾನೆ, ಅದು ಎಷ್ಟು ತೂಗಿತೆಂಬುದು ಉಂಡಾದ ಮೇಲೆಯೇ ಗೊತ್ತಾಗುತ್ತದೆ. ಹಾಗಾಗಿ ಕಿಲೋ ದರ ಕೇಳಿ, ನಿಮ್ಮ ಕಣ್ಣೆದುರೇ ತೂಗಿಸಿ, ಆ ಮೀನಿಗೆ ಒಟ್ಟು ಎಷ್ಟಾಗುತ್ತದೆಂದು ಕಾಗದದ ಮೇಲೆ ಬರೆಸಿಕೊಳ್ಳಿ. ಇದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ, ಅಲ್ಲಿಯವರೂ ಕೇಳಿಯೇ ತಿನ್ನುತ್ತಾರೆ. ಎರಡನೆಯ ಕಾರಣ, ಊಟಕ್ಕೆ ಮುಂಚೆ ಬರುವ ‘ಮೆಜೆ’ ಎಂಬ ಸಣ್ಣ ತಟ್ಟೆಗಳು. ಮಾಣಿ ಹತ್ತಾರು ತಟ್ಟೆಗಳಿರುವ ದೊಡ್ಡ ಟ್ರೇ ಹಿಡಿದು ಬಂದು ನಿಲ್ಲುತ್ತಾನೆ: ಸುಟ್ಟ ಬದನೆಕಾಯಿಯ ಗೊಜ್ಜು, ಬೆಳ್ಳುಳ್ಳಿ ಬೆರೆಸಿದ ಗಟ್ಟಿ ಮೊಸರು, ಉಪ್ಪಿನಲ್ಲಿ ಹದಗೊಳಿಸಿದ ಪಾಲಾಮುತ್ ತುಂಡು, ಆಕ್ಟೋಪಸ್ ಸಲಾಡ್, ಕಡಲಂಚಿನ ಉಪ್ಪುನೆಲದಲ್ಲಿ ಬೆಳೆಯುವ ಹಸಿರು ಸೊಪ್ಪಿನ ಎಳೆ ಕಡ್ಡಿಗಳು. ಎಲ್ಲವೂ ಆಸೆ ಹುಟ್ಟಿಸುತ್ತವೆ, ಆದರೆ ತೆಗೆದುಕೊಂಡ ಪ್ರತಿ ತಟ್ಟೆಗೂ ಬೇರೆ ಬೆಲೆಯಿದೆ. ನಾಲ್ವರಿಗೆ ನಾಲ್ಕೈದು ತಟ್ಟೆ ಧಾರಾಳವಾಯಿತು. ಕೇಳದೆ ತಂದಿಟ್ಟದ್ದಕ್ಕೆ ಹಣವಿದೆಯೇ ಎಂದು ವಿಚಾರಿಸಿ, ಬೇಡವಾದದ್ದನ್ನು ಮುಟ್ಟದೆ ವಾಪಸು ಕಳಿಸಿ.

ಫೆತಿಯೆಯಲ್ಲಿ ಇನ್ನೂ ಸರಳವಾದ ದಾರಿಯಿದೆ. ಅಲ್ಲಿಯ ಮೀನು ಮಾರುಕಟ್ಟೆಯ ನಡುವೆ ಮಾರಾಟದ ಕಟ್ಟೆಗಳಿವೆ, ಸುತ್ತಲೂ ಹೋಟೆಲ್‌ಗಳಿವೆ. ಮೀನನ್ನು ನೀವೇ ಕೊಂಡು, ಬೇಕಾದ ಹೋಟೆಲಿಗೆ ಕೊಟ್ಟು, ಬೇಯಿಸುವ ಶುಲ್ಕವನ್ನು ಬೇರೆಯಾಗಿ ತೆತ್ತರಾಯಿತು. ಮೀನಿನ ಖರ್ಚೆಷ್ಟು, ಅಡುಗೆಯ ಖರ್ಚೆಷ್ಟು ಎಂಬುದು ಇಲ್ಲಿ ಸ್ಪಷ್ಟವಾಗಿರುವುದರಿಂದ ಮೊದಲ ಸಲ ಹೋಗುವವರಿಗೆ ನಾನು ಇದನ್ನೇ ಸೂಚಿಸುತ್ತೇನೆ.

ರುಚಿಯ ಬಗ್ಗೆಯೂ ಒಂದು ಮಾತು ಹೇಳಬೇಕು. ಕೊಬ್ಬರಿ, ಒಣಮೆಣಸಿನಕಾಯಿ, ಹುಳಿ ಕೂಡಿದ ಕಾರವಾರದ ಸಾರನ್ನು ಅಲ್ಲಿ ನಿರೀಕ್ಷಿಸಿದರೆ ನಿರಾಸೆಯಾಗುತ್ತದೆ. ಉಪ್ಪು, ಆಲಿವ್ ಎಣ್ಣೆ ಸವರಿ ಕೆಂಡದ ಮೇಲೆ ಸುಟ್ಟ ಮೀನು, ಪಕ್ಕದಲ್ಲಿ ನಿಂಬೆಹೋಳು, ಹಸಿ ಉಳ್ಳಾಗಡ್ಡಿ, ತುಸು ಘಾಟಿನ ‘ರೋಕಾ’ ಸೊಪ್ಪು, ಇಷ್ಟೇ. ಮಸಾಲೆಯ ಮರೆಯಿಲ್ಲದ ಇಂಥ ಅಡುಗೆಯಲ್ಲಿ ಹಳಸಿದ ಮೀನು ಮೊದಲ ತುತ್ತಿಗೇ ಸಿಕ್ಕಿಬೀಳುತ್ತದೆ, ತಾಜಾ ಮೀನಿನ ಸಿಹಿಯೂ ಅಷ್ಟೇ ಬೇಗ ನಾಲಿಗೆಗೆ ತಾಗುತ್ತದೆ. ಕೊನೆಗೆ ಒಲೆಯಲ್ಲಿ ಬಿಸಿ ಮಾಡಿದ ಎಳ್ಳಿನ ಹಲ್ವಾ ಕೇಳಿ, ಮೀನಿನ ಊಟದ ನಂತರ ಅದನ್ನು ತಿನ್ನುವುದು ಅಲ್ಲಿಯ ಹಳೆಯ ವಾಡಿಕೆ.

ಪ್ರಶ್ನೆ: ನಮ್ಮ ಅತ್ತೆಯವರು ಶುದ್ಧ ಸಸ್ಯಾಹಾರಿಗಳು. ಅಂಥ ಹೋಟೆಲಿಗೆ ಅವರನ್ನು ಕರೆದುಕೊಂಡು ಹೋಗಬಹುದೇ?
— ಓದುಗರು, ಗದಗ

ಉತ್ತರ: ಮೀನಿನ ವಾಸನೆಯನ್ನು ಅವರು ಸಹಿಸುವುದಾದರೆ ಹೋಗಬಹುದು. ಆಲಿವ್ ಎಣ್ಣೆಯಲ್ಲಿ ಬೇಯಿಸಿ ತಣ್ಣಗೆ ಬಡಿಸುವ ಬೀನ್ಸ್, ಬದನೆಕಾಯಿ, ಸೊಪ್ಪಿನ ಪದಾರ್ಥಗಳಿಂದಲೇ ಹೊಟ್ಟೆ ತುಂಬುತ್ತದೆ. ಬರೀ ‘ಮಾಂಸ ಬೇಡ’ ಎಂದರೆ ಸಾಲದು, ಕೋಳಿ, ಮೀನು, ಮಾಂಸದ ರಸ ಎಲ್ಲವನ್ನೂ ಬಿಡಿಬಿಡಿಯಾಗಿ ಹೆಸರಿಸಿ ಬೇಡವೆನ್ನಿ. ಬೇಳೆಯ ಸೂಪನ್ನು ಕೆಲವೆಡೆ ಮಾಂಸದ ರಸದಲ್ಲಿಯೇ ಮಾಡುತ್ತಾರೆ. ಒಂದೇ ಜಾಲರಿ, ಒಂದೇ ಎಣ್ಣೆಯ ಬಗ್ಗೆ ಕಟ್ಟುನಿಟ್ಟಾಗಿರುವವರಾದರೆ ಸುಟ್ಟ ಮತ್ತು ಕರಿದ ತರಕಾರಿಯನ್ನು ಬಿಡುವುದು ಲೇಸು.

ಪ್ರಶ್ನೆ: ಮೀನು ತಿಂದು ಮೊಸರು ಉಣ್ಣಬಾರದೆಂದು ನಮ್ಮ ಮನೆಯಲ್ಲಿ ಹಿರಿಯರು ಹೇಳುತ್ತಾರೆ. ಟರ್ಕಿಯಲ್ಲಿ ಎರಡನ್ನೂ ಒಟ್ಟಿಗೆ ತಿನ್ನುತ್ತಾರೆಯೇ?
— ಓದುಗರು, ಹಾವೇರಿ

ಉತ್ತರ: ಮೀನಿನ ಜೊತೆ ಮೊಸರು ವಿಷವಾಗುತ್ತದೆಂಬ ನಂಬಿಕೆ ಅಲ್ಲಿಯೂ ವ್ಯಾಪಕವಾಗಿದೆ, ಆದರೂ ಮೀನಿಗೆ ಮುಂಚಿನ ಮೆಜೆಯಲ್ಲಿ ಬೆಳ್ಳುಳ್ಳಿ ಮೊಸರು ಇದ್ದೇ ಇರುತ್ತದೆ. ಆಯುರ್ವೇದ ಹೇಳುವ ವಿರುದ್ಧಾಹಾರದ ನಿಯಮವನ್ನು ಪಾಲಿಸುವುದು ನಿಮ್ಮ ಇಷ್ಟ. ಆದರೆ ನಿಜವಾಗಿ ಹೆದರಬೇಕಾದದ್ದು ಮೊಸರಿಗಲ್ಲ, ಹಿಡಿದ ಮೇಲೆ ಸರಿಯಾಗಿ ತಂಪಿನಲ್ಲಿಡದ ಮೀನಿಗೆ. ಬಂಗಡೆ, ಪಾಲಾಮುತ್, ಟ್ಯೂನಾದಂಥ ಮೀನುಗಳು ಬಿಸಿಲಿಗೆ ಬಿದ್ದರೆ ಬ್ಯಾಕ್ಟೀರಿಯಾಗಳಿಂದಾಗಿ ಅವುಗಳಲ್ಲಿ ‘ಹಿಸ್ಟಮಿನ್’ ಎಂಬ ವಸ್ತು ಶೇಖರವಾಗುತ್ತದೆ, ಎಷ್ಟು ಬೇಯಿಸಿದರೂ ಅದು ನಾಶವಾಗುವುದಿಲ್ಲ. ತಿಂದ ಸ್ವಲ್ಪ ಹೊತ್ತಿನಲ್ಲೇ ಮುಖ ಕೆಂಪೇರಿ, ತಲೆನೋವು, ತುರಿಕೆ ಶುರುವಾದಾಗ ಜನ ಮೊಸರನ್ನು ದೂರುತ್ತಾರೆ. ಘಟ್ಟ ಹತ್ತಿ ನಮ್ಮೂರುಗಳಿಗೆ ಬರುವ ಬಂಗಡೆಗೂ ಈ ಮಾತು ಅಷ್ಟೇ ಅನ್ವಯಿಸುತ್ತದೆ. ಕಣ್ಣು ಉಬ್ಬಿ ಹೊಳೆಯುತ್ತಿರಬೇಕು, ಕಿವಿರು ಕೆಂಪಾಗಿರಬೇಕು, ಬೆರಳಿನಿಂದ ಒತ್ತಿದ ಜಾಗ ತಕ್ಷಣ ಮೇಲೇಳಬೇಕು, ಮೀನು ಮಂಜುಗಡ್ಡೆಯಲ್ಲಿ ಹುದುಗಿರಬೇಕು. ಹೀಗೆಲ್ಲ ನೋಡಿ ಕೊಂಡ ಮೀನಾದರೂ ತಿನ್ನುವಾಗ ನಾಲಿಗೆಗೆ ಮೆಣಸು ತಾಗಿದಂತೆ ಚುರುಗುಟ್ಟಿದರೆ ಅಲ್ಲಿಗೇ ನಿಲ್ಲಿಸಿ, ಉಸಿರಾಟಕ್ಕೆ ತೊಂದರೆ ಎನಿಸಿದರೆ ತಡಮಾಡದೆ ವೈದ್ಯರನ್ನು ಕಾಣಿರಿ.