ಚೀನಾ ಸಪ್ಲೈಯರ್ ಜೊತೆಗಿನ ಕರಾರಿನಲ್ಲಿ ‘ಬೆಂಗಳೂರು ಕೋರ್ಟ್’ ಅಂತ ಬರೆಸಿದರೆ ಸಾಕೇ?

ಸಾಕಾಗಲ್ಲ. ನಿಮಗೆ ಧೈರ್ಯ ಕೊಟ್ಟಿರುವ ಆ ಸಾಲೇ ನಾಳೆ ನಿಮ್ಮ ಕೈ ಕಟ್ಟಿಹಾಕಬಹುದು. ಡಾಂಗ್‌ಗುವಾನ್‌ನಿಂದ ಪ್ಯಾಕಿಂಗ್ ಮೆಷಿನ್ ತರಿಸುತ್ತಿದ್ದೀರಿ, 30% ಅಡ್ವಾನ್ಸ್ ಕಳಿಸುವ ಮುಂಚೆ ‘ವ್ಯಾಜ್ಯ ಬಂದರೆ ಬೆಂಗಳೂರು ಕೋರ್ಟಿನಲ್ಲಿ ಮಾತ್ರ’ ಎಂದು ಹಾಕಿಸಿದ್ದೀರಿ ಅಂದಿರಿ. ಇಲ್ಲಿ ಕೇಸು ಗೆಲ್ಲಬಹುದು. ಆದರೆ ಕೋರ್ಟ್ ಡಿಕ್ರಿಗಳನ್ನು ಪರಸ್ಪರ ಜಾರಿ ಮಾಡುವ ಒಪ್ಪಂದ ಭಾರತ–ಚೀನಾ ನಡುವೆ ಇಲ್ಲ, ಅವರ ಆಸ್ತಿಯೆಲ್ಲ ಇರುವುದು ಅಲ್ಲೇ. ಡಿಕ್ರಿ ಹಿಡಿದುಕೊಂಡು ಪೀಣ್ಯದಲ್ಲಿ ಏನನ್ನು ಜಪ್ತಿ ಮಾಡಿಸ್ತೀರಿ? ಸರಿ, ಅಲ್ಲಿನ ಕೋರ್ಟಿಗೇ ಹೋಗೋಣ ಅಂದರೆ ‘ಬೆಂಗಳೂರು ಅಂತ ನೀವೇ ಒಪ್ಪಿದ್ದೀರಲ್ಲ’ ಎಂದು ತಕರಾರು ತೆಗೆಯುತ್ತಾರೆ.

ನಾನು ಕಲಿತದ್ದು ದುಡ್ಡು ಕಳೆದುಕೊಂಡೇ. ಪ್ಲಾಸ್ಟಿಕ್ ಮೋಲ್ಡ್‌ಗಳಿಗೆ ಆರ್ಡರ್ ಕೊಟ್ಟಿದ್ದೆ, ಬಂದ ಮೋಲ್ಡಿನ ಉಕ್ಕು ಹೇಳಿದ ಗ್ರೇಡ್ ಅಲ್ಲ. ಇಲ್ಲಿನ ವಕೀಲರಿಂದ ಇಂಗ್ಲಿಷ್ ನೋಟಿಸ್ ಹೋಯಿತು, ಉತ್ತರವೇ ಇಲ್ಲ. ಕೊನೆಗೆ ಶೆನ್‌ಜೆನ್‌ನ ಒಬ್ಬ ವಕೀಲೆಯನ್ನು ಹಿಡಿದೆ. ಆಕೆ ಕೇಳಿದ ಮೊದಲ ಪ್ರಶ್ನೆ, ‘ಕಂಪನಿಯ ಚೀನೀ ಹೆಸರೇನು?’ ನನ್ನ ಹತ್ತಿರ ಇದ್ದದ್ದು ಇಂಗ್ಲಿಷ್ ಹೆಸರು ಮಾತ್ರ. ಅಲ್ಲಿ ನೋಂದಣಿಯಾಗುವುದು ಚೀನೀ ಹೆಸರು. ಇಂಗ್ಲಿಷಿನದು ಅವರೇ ಇಟ್ಟುಕೊಂಡ ಬೋರ್ಡು, ಬೇಕೆಂದಾಗ ಬದಲಾಯಿಸಬಹುದು. ದುಡ್ಡು ಹೋಗಿದ್ದದ್ದು ಹಾಂಗ್‌ಕಾಂಗ್‌ನ ಬೇರೊಂದು ಕಂಪನಿಯ ಖಾತೆಗೆ.

ಆಮೇಲೆ ಮೊಹರು. ನಮ್ಮಲ್ಲಿ ಸಹಿ ದೊಡ್ಡದು, ಸೀಲು ಶಾಸ್ತ್ರಕ್ಕೆ. ಅಲ್ಲಿ ತಿರುಗುಮುರುಗು: ನಡುವೆ ನಕ್ಷತ್ರ, ಸುತ್ತ ಚೀನೀ ಅಕ್ಷರ ಇರುವ ಕೆಂಪು ಗುಂಡು ಮೊಹರೇ ಕಂಪನಿಯ ಮಾತು. ನನ್ನ ಪಿಡಿಎಫ್‌ನಲ್ಲೂ ಮೊಹರು ಇತ್ತು, ಎರಡು ಪುಟದಲ್ಲಿ. ಆಕೆ ದೊಡ್ಡದು ಮಾಡಿ ತೋರಿಸಿದಳು. ಎರಡೂ ಒಂದೇ ಕೋನಕ್ಕೆ ವಾಲಿದ್ದವು, ಶಾಯಿ ಹತ್ತದೆ ಬಿಟ್ಟ ಬಿಳಿ ಚುಕ್ಕೆಯೂ ಅದೇ ಜಾಗದಲ್ಲಿ. ಕೈಯಲ್ಲಿ ಒತ್ತಿದ ಮೊಹರು ಹಾಗೆ ಬೀಳುವುದಿಲ್ಲ, ಚಿತ್ರ ತಂದು ಅಂಟಿಸಿದ್ದರು. ಆ ಸಲದ ದುಡ್ಡಿಗೆ ಎಳ್ಳುನೀರು ಬಿಟ್ಟೆ.

ಆದ್ದರಿಂದ ಮೊದಲು ಅವರ ಬಿಸಿನೆಸ್ ಲೈಸೆನ್ಸಿನ ಫೋಟೋ ಕೇಳಿ. ಅದರಲ್ಲಿ ಚೀನೀ ಹೆಸರು, 18 ಅಂಕಿ–ಅಕ್ಷರಗಳ ಸಾಮಾಜಿಕ ಕ್ರೆಡಿಟ್ ಕೋಡ್ (ಅಂದರೆ ಕಂಪನಿಯ ನೋಂದಣಿ ಸಂಖ್ಯೆ), ಕಂಪನಿಯ ಪರವಾಗಿ ನಡೆದುಕೊಳ್ಳುವ ಕಾನೂನುಬದ್ಧ ಪ್ರತಿನಿಧಿಯ ಹೆಸರು ಇರುತ್ತವೆ. ಸರ್ಕಾರದ ಕಂಪನಿ ಮಾಹಿತಿ ತಾಣದಲ್ಲಿ ತಾಳೆ ನೋಡಬಹುದು. ಮೊಹರಿನ ಹೆಸರು, ಕರಾರಿನ ಹೆಸರು, ಬ್ಯಾಂಕ್ ಖಾತೆಯ ಹೆಸರು ಮೂರೂ ಒಂದೇ ಆಗಿರಲಿ. ಮಧ್ಯದಲ್ಲಿ ‘ಖಾತೆ ಬದಲಾಗಿದೆ’ ಎಂದು ಇಮೇಲ್ ಬಂದರೆ ಫೋನ್ ಮಾಡಿ ಕೇಳುವ ತನಕ ಒಂದು ಪೈಸೆಯನ್ನೂ ಕಳಿಸಬೇಡಿ.

ಕೋರ್ಟಿನ ಸಾಲಿಗೆ ಬರುತ್ತೇನೆ. ಮೊತ್ತ ದೊಡ್ಡದಾದರೆ ಆರ್ಬಿಟ್ರೇಷನ್ ಹಾಕಿಸಿ, ಅಂದರೆ ಕೋರ್ಟಿನ ಬದಲು ಮಧ್ಯಸ್ಥರು ತೀರ್ಪು ಕೊಡುವ ವ್ಯವಸ್ಥೆ. ಒಂದು ದೇಶದ ಮಧ್ಯಸ್ಥರ ತೀರ್ಪನ್ನು ಇನ್ನೊಂದು ದೇಶದಲ್ಲಿ ಜಾರಿ ಮಾಡಿಸಲು ಇರುವ 1958ರ ನ್ಯೂಯಾರ್ಕ್ ಒಡಂಬಡಿಕೆಗೆ ಭಾರತ 1960ರಲ್ಲಿ, ಚೀನಾ 1987ರಲ್ಲಿ ಸೇರಿವೆ. ನನ್ನ ಆಯ್ಕೆ ಹಾಂಗ್‌ಕಾಂಗ್. ಅಲ್ಲಿನ ಮಾನ್ಯ ಆರ್ಬಿಟ್ರೇಷನ್ ಸಂಸ್ಥೆಯ ಮುಂದೆ ಕೇಸು ನಡೆಯುತ್ತಿರುವಾಗಲೇ ಎದುರು ಪಾರ್ಟಿಯ ಆಸ್ತಿ ಮುಟ್ಟುಗೋಲಿಗೆ ಚೀನಾದ ಕೋರ್ಟನ್ನು ಕೇಳಲು 2019ರ ಅಕ್ಟೋಬರ್‌ನಿಂದ ದಾರಿ ಇದೆ. ಖಾತೆ ಮುಟ್ಟುಗೋಲಾದರೆ ಎಂಥವರೂ ಮಾತಿಗೆ ಬರುತ್ತಾರೆ. ನಿಮ್ಮದು ಒಂದೇ ಮೆಷಿನ್ ಆದರೆ ಆ ಖರ್ಚು ಮೆಷಿನ್ನಿಗಿಂತ ಜಾಸ್ತಿಯಾದೀತು. ಆಗ ಕಾರ್ಖಾನೆ ಇರುವ ಊರಿನ ಕೋರ್ಟನ್ನೇ ಬರೆಸಿ, ಕರಾರು ಚೀನೀ ಭಾಷೆಯಲ್ಲಿರಲಿ. ಅಲ್ಲಿ ನೀವು ಕೇಸು ಗೆದ್ದ ಮೇಲೂ ದುಡ್ಡಿದ್ದೂ ಕೊಡದವರ ಹೆಸರು ಕಪ್ಪುಪಟ್ಟಿಗೆ ಬೀಳುತ್ತದೆ, ಅಂಥವರಿಗೆ ವಿಮಾನ, ಹೈಸ್ಪೀಡ್ ರೈಲಿನ ಟಿಕೆಟ್ಟೂ ಸಿಗದಂತೆ ಮಾಡುತ್ತಾರೆ.

ಎರಡನೇ ಆರ್ಡರಿನಲ್ಲಿ, ಬೇರೆ ಕಾರ್ಖಾನೆ, ಇದೆಲ್ಲ ಮಾಡಿದ್ದೆ. ಅಲ್ಲೂ ಅಳತೆ ತಪ್ಪಿತು. ಅದೇ ವಕೀಲೆ ಚೀನೀ ಭಾಷೆಯಲ್ಲಿ ಒಂದು ಪುಟದ ನೋಟಿಸ್ ಕಳಿಸಿದಳು. ನಾಲ್ಕನೇ ದಿನ ಮಾಲೀಕನೇ ಚೀನಾದ ಮೆಸೇಜಿಂಗ್ ಆ್ಯಪ್ ವೀಚಾಟ್‌ನಲ್ಲಿ ಫೋನ್ ಮಾಡಿದ, ಮೋಲ್ಡ್ ಅವನ ಖರ್ಚಿನಲ್ಲೇ ರಿಪೇರಿಯಾಗಿ ಬಂತು.

ಅಡ್ವಾನ್ಸ್ ಇನ್ನೂ ಹೋಗಿಲ್ಲ ತಾನೆ? ಹಾಗಿದ್ದರೆ ಇವತ್ತೇ ಲೈಸೆನ್ಸ್ ಫೋಟೋ ಕೇಳಿ. ಕಳಿಸಲು ಮೀನಮೇಷ ಎಣಿಸಿದರೆ ಬೇರೆ ಕಾರ್ಖಾನೆ ಹುಡುಕಿ.