ಆ ಹಳದಿ ಮುಚ್ಚಳದ ಬಾಟಲಿ

ಪ್ರಶ್ನೆ: ಹತ್ತು ವರ್ಷದ ಹಿಂದೆ ನಮ್ಮಣ್ಣ ಬೆಲ್ಜಿಯಂನಿಂದ ವೆಸ್ಟ್‌ವ್ಲೆಟೆರೆನ್ 12 ಬಿಯರ್ ತಂದಿದ್ದ. ಲೇಬಲ್ಲೇ ಇರಲಿಲ್ಲ. ಬೆಂಗಳೂರಲ್ಲಿ ಎಲ್ಲೂ ಸಿಗಲಿಲ್ಲ. ಯಾಕೆ ಸಾರ್?
– ಓದುಗ, ಮೈಸೂರು

ಉತ್ತರ: ಬೆಂಗಳೂರು ಹಾಗಿರಲಿ, ಬ್ರಸೆಲ್ಸಿನಲ್ಲೂ ಅದು ಸುಲಭಕ್ಕೆ ಸಿಗದು. ಸೇಂಟ್ ಸಿಕ್ಸ್ಟಸ್ ಮಠದ ಸನ್ಯಾಸಿಗಳು ಮಠದ ಖರ್ಚು ಕಳೆಯುವಷ್ಟೇ ಮಾಡುತ್ತಾರೆ; ಎಷ್ಟು ಜನ ಕೇಳಿದರೂ ಹೆಚ್ಚಿಸುವುದಿಲ್ಲ. ಅವರ ಈ ಹಟ ನನಗೆ ಬಹಳ ಇಷ್ಟ. ಆಗ ವಿವರವೆಲ್ಲ ಮುಚ್ಚಳದ ಮೇಲೇ ಇರುತ್ತಿತ್ತು: 12ಕ್ಕೆ ಹಳದಿ, ಅವರದೇ ಇನ್ನೊಂದು ಬಿಯರ್ ಆದ 8ಕ್ಕೆ ನೀಲಿ.

ಮಠದ ಎದುರಿನ ಕೆಫೆಯಲ್ಲಿ ಕುಡಿದಿದ್ದೇನೆ. ಕಡುಗಂದು ಬಣ್ಣ, ಒಣದ್ರಾಕ್ಷಿಯ ಘಮ, ಕೊನೆಗೆ ಕಪ್ಪುಬೆಲ್ಲದಂಥ ರುಚಿ. ಆಲ್ಕೋಹಾಲ್ ಶೇ 10.2, ಗುಟುಕು ಗುಟುಕಾಗಿಯೇ ಕುಡಿಯಬೇಕು.

ಅಣ್ಣ ಮತ್ತೆ ಅತ್ತ ಹೋದರೆ ಸೇಂಟ್ ಬರ್ನಾರ್ಡಸ್ ಆಬ್ಟ್ 12 ತರಲು ಹೇಳಿ. ವಾಟೌ ಊರಿನ ಆ ಬ್ರೂವರಿಯವರು 1946ರಿಂದ 1992ರವರೆಗೆ ಇದೇ ಮಠದ ಪರವಾನಗಿಯಲ್ಲಿ ಬಿಯರ್ ಮಾಡುತ್ತಿದ್ದರು. ಅದು ಅಂಗಡಿಗಳಲ್ಲೇ ಸಿಗುತ್ತದೆ.