ಇಳಿದ ತೂಕ ವಾಪಸ್ ಬಂದಾಗ

ಓದುಗರ ಪತ್ರ: ಮಗಳ ಮದುವೆಗೆ ಮುಂಚೆ ನಾಲ್ಕು ತಿಂಗಳಲ್ಲಿ 11 ಕಿಲೊ ಇಳಿಸಿದ್ದೆ. ರಾತ್ರಿ ಊಟ ಬಿಟ್ಟಿದ್ದೆ, ಅನ್ನ ಮುಟ್ಟಿರಲಿಲ್ಲ. ಮದುವೆ ಮುಗಿದ ಮೇಲೆ ತಕ್ಕಡಿ ಅಟ್ಟಕ್ಕೆ ಹೋಯಿತು, ವರ್ಷ ತುಂಬುವುದರಲ್ಲಿ 9 ಕಿಲೊ ವಾಪಸ್ ಬಂದಿದೆ. ಬಾಯಿ ಚಪಲ ಅಂತ ಮನೆಯವರು ನಗುತ್ತಾರೆ. ಮತ್ತೆ ಅದೇ ಡಯಟ್ ಮಾಡಲಾ? ಮಂಡಕ್ಕಿ ಮಿರ್ಚಿ ಪೂರ್ತಿ ಬಿಡಬೇಕಾ?
– ಓದುಗರೊಬ್ಬರು, ದಾವಣಗೆರೆ

ಸಂಪಾದಕರ ಉತ್ತರ:

ನಮಸ್ಕಾರ. ಮೊದಲು ಆ 'ಬಾಯಿ ಚಪಲ'ದ ಮಾತು ಮುಗಿಸಿಬಿಡೋಣ. ತೂಕ ಇಳಿಸಿದವರ ಮೈ ಸುಮ್ನೆ ಕೂರುವುದಿಲ್ಲ, ಕಳೆದುಕೊಂಡಿದ್ದನ್ನು ವಾಪಸ್ ಕೇಳುತ್ತದೆ. ಆಸ್ಟ್ರೇಲಿಯಾದ ಸಂಶೋಧಕರು 50 ಜನರಿಗೆ ಹತ್ತು ವಾರ ತೀರಾ ಕಡಿಮೆ ಆಹಾರ ಕೊಟ್ಟು ನೋಡಿದರು. ಅದರ ವರದಿ 2011ರಲ್ಲಿ ಬಂತು. ವರ್ಷ ಕಳೆದ ಮೇಲೂ ಅವರಲ್ಲಿ ಹಸಿವು ಹೆಚ್ಚಿಸುವ ಹಾರ್ಮೋನು ಜಾಸ್ತಿಯೇ ಇತ್ತು, 'ಸಾಕು' ಎಂದು ಹೇಳುವ ಹಾರ್ಮೋನುಗಳು ಕಡಿಮೆಯೇ ಇದ್ದವು. ಅಮೆರಿಕದ ಟಿವಿ ಸ್ಪರ್ಧೆಯೊಂದರಲ್ಲಿ ಭಾರಿ ತೂಕ ಇಳಿಸಿದ್ದ 14 ಮಂದಿಯನ್ನು ಆರು ವರ್ಷದ ನಂತರ ಪರೀಕ್ಷಿಸಿದಾಗ, ಸುಮ್ಮನೆ ಕೂತಿದ್ದಾಗ ಅವರ ದೇಹ ಸುಡುತ್ತಿದ್ದ ಕ್ಯಾಲೊರಿ ಇರಬೇಕಾದ್ದಕ್ಕಿಂತ ದಿನಕ್ಕೆ ಸುಮಾರು 500ರಷ್ಟು ಕಡಿಮೆ ಇತ್ತು. ನಗುವ ಮನೆಯವರಿಗೆ ಇದನ್ನು ಓದಿ ಹೇಳಿ.

ಹಾಗಾಗಿ ಅದೇ ಡಯಟ್ ಮತ್ತೆ ಬೇಡ. ಅದಕ್ಕೊಂದು ಮುಗಿಯುವ ದಿನ ಇತ್ತು, ಅಲ್ವಾ? ಮುಹೂರ್ತ ಮುಗಿಯಿತು, ಡಯಟ್ಟೂ ಮುಗಿಯಿತು. ಈಗ ಬೇಕಾಗಿರುವುದು ಮಗಳು ಬಾಣಂತಿಯಾಗಿರುವಾಗ, ನೆಂಟರು ತುಂಬಿರುವಾಗ, ಗ್ಯಾಸ್ ಖಾಲಿಯಾದ ದಿನ ಕೂಡ ನಡೆಸಿಕೊಂಡು ಹೋಗುವಂಥ ಅಭ್ಯಾಸ.

ಅನ್ನದ ಮೇಲೆ ಅಷ್ಟು ಸಿಟ್ಟು ಯಾಕೆ ಅಂತ ನನಗೆ ಅರ್ಥವಾಗಲಿಲ್ಲ. ಅಕ್ಕಿ, ರಾಗಿ, ಜೋಳ ಮೂರರಲ್ಲೂ 100 ಗ್ರಾಂಗೆ ಹೆಚ್ಚುಕಡಿಮೆ 320ರಿಂದ 360 ಕ್ಯಾಲೊರಿ. ರಾಗಿ, ಜೋಳದಲ್ಲಿ ನಾರು ಜಾಸ್ತಿ, ಹೊಟ್ಟೆ ಬೇಗ ತುಂಬುತ್ತದೆ, ಅದು ನಿಜ. ಆದರೆ ಎರಡು ಮುದ್ದೆ ಎರಡು ಮುದ್ದೆಯೇ. ತಟ್ಟೆಯಲ್ಲಿ ಪಲ್ಯ, ಬೇಳೆ, ಕಾಳು ಮೊದಲು ಬಡಿಸಿಕೊಂಡು, ಆಮೇಲೆ ಉಳಿದ ಜಾಗಕ್ಕೆ ಅನ್ನ ಹಾಕಿಕೊಳ್ಳಿ.

ನಾನು ಕೇಳುವುದು ಎಣ್ಣೆ ಡಬ್ಬಿಯ ಲೆಕ್ಕ. ನಾಲ್ಕು ಜನರ ಮನೆಗೆ ತಿಂಗಳಿಗೆ ನಾಲ್ಕು ಲೀಟರ್ ಖರ್ಚಾದರೆ, ತಲೆಗೆ ದಿನಕ್ಕೆ ಸುಮಾರು 30 ಗ್ರಾಂ, ಅಂದರೆ 270 ಕ್ಯಾಲೊರಿ, ಕಣ್ಣಿಗೆ ಕಾಣದೆ ಹೊಟ್ಟೆಗೆ ಹೋಗುತ್ತದೆ. ಒಗ್ಗರಣೆಗೆ ಡಬ್ಬಿಯಿಂದ ಬಗ್ಗಿಸುವುದನ್ನು ಬಿಟ್ಟು ಚಮಚದಲ್ಲಿ ಅಳೆಯಿರಿ. ಮೂರು ಚಮಚ ಅಂತ ಅಂದುಕೊಂಡಿದ್ದು ಐದಾಗಿರುತ್ತದೆ, ನಮ್ಮ ಮನೆಯಲ್ಲೇ ನೋಡಿದ್ದೇನೆ. ಕಾಫಿಯೂ ಹಾಗೇ. ಪತ್ರಿಕೆ ಅಚ್ಚಿಗೆ ಹೋಗುವ ಹಿಂದಿನ ದಿನ ನಾನು ಆರು ಲೋಟ ಕುಡಿಯುತ್ತಿದ್ದೆ. ಲೋಟಕ್ಕೆ ಎರಡು ಚಮಚ ಸಕ್ಕರೆ. ಒಮ್ಮೆ ಖಾಲಿ ಲೋಟಕ್ಕೆ ಅಷ್ಟನ್ನೂ ಸುರಿದು ನೋಡಿದೆ: 12 ಚಮಚ, ಹತ್ತಿರ ಹತ್ತಿರ 50 ಗ್ರಾಂ. ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅರ್ಧ ಚಮಚಕ್ಕೆ ಇಳಿಯಲು ನನಗೆ ಎರಡು ತಿಂಗಳು ಬೇಕಾಯಿತು. ಮೊದಲ ವಾರ ಕಷಾಯ ಕುಡಿದಂತಿತ್ತು.

ತೂಕ ಇಳಿಸಿ ಉಳಿಸಿಕೊಂಡವರು ಏನು ಮಾಡುತ್ತಾರೆ? ಅಮೆರಿಕದಲ್ಲಿ 1994ರಿಂದ ಅಂಥವರ ಪಟ್ಟಿಯನ್ನೇ ಇಟ್ಟಿದ್ದಾರೆ. ಕನಿಷ್ಠ 13.6 ಕಿಲೊ ಇಳಿಸಿ ಒಂದು ವರ್ಷ ಕಾಯ್ದುಕೊಂಡವರಿಗೆ ಮಾತ್ರ ಪ್ರವೇಶ. ಅವರಲ್ಲಿ ನೂರಕ್ಕೆ 90 ಮಂದಿ ದಿನಕ್ಕೆ ಸರಾಸರಿ ಒಂದು ಗಂಟೆ ನಡಿಗೆ, ವ್ಯಾಯಾಮ ಮಾಡುತ್ತಾರೆ. 75 ಮಂದಿ ವಾರಕ್ಕೊಮ್ಮೆಯಾದರೂ ತಕ್ಕಡಿ ಹತ್ತುತ್ತಾರೆ. ತಾವಾಗಿ ಹೆಸರು ಕೊಟ್ಟವರ ಪಟ್ಟಿ ಇದು, ಎಲ್ಲರಿಗೂ ಒಪ್ಪುತ್ತದೆ ಅನ್ನಲಾರೆ. ಆದರೂ ಈ ಎರಡನ್ನು ನಾನು ನಂಬುತ್ತೇನೆ. ಒಂದು ಗಂಟೆ ಒಟ್ಟಿಗೆ ಸಿಗದಿದ್ದರೆ ಬೆಳಿಗ್ಗೆ ಕುಂದವಾಡ ಕೆರೆ ದಡದಲ್ಲಿ ಅರ್ಧ ಗಂಟೆ, ರಾತ್ರಿ ಊಟದ ಮೇಲೆ ಬೀದಿಯಲ್ಲಿ ಇನ್ನರ್ಧ. ತೂಕ ವಾರಕ್ಕೊಂದು ದಿನ, ಕಾಫಿಗೆ ಮುಂಚೆ ನೋಡಿ, ಕ್ಯಾಲೆಂಡರಿನಲ್ಲಿ ಬರೆಯಿರಿ. ಹಪ್ಪಳ-ಉಪ್ಪಿನಕಾಯಿ ಜಾಸ್ತಿಯಾದ ಮರುದಿನ ಮುಳ್ಳು ಒಂದು ಕಿಲೊ ಆಚೆ ಈಚೆ ಆಗುತ್ತದೆ, ಅದು ನೀರು. ಮೂರು ವಾರ ಸತತ ಏರಿದರೆ ಮಾತ್ರ ಎಣ್ಣೆ, ಸಕ್ಕರೆಯ ಕಡೆ ಮತ್ತೆ ಕಣ್ಣು ಹಾಯಿಸಿ. ಮೊದಲ ಸಲ ಎಡವಿದ್ದೇ ಇಲ್ಲಿ: ತಕ್ಕಡಿ ಅಟ್ಟಕ್ಕೆ ಹೋಗಿತ್ತು ಅಂತ ನೀವೇ ಬರೆದಿದ್ದೀರಿ.

ನಡುವೆ ತಪ್ಪಿದರೆ? ಲಂಡನ್ನಿನಲ್ಲಿ 96 ಜನರ ಮೇಲೆ ನಡೆದ ಅಧ್ಯಯನದಲ್ಲಿ ಹೊಸ ಅಭ್ಯಾಸ ಕೂರಲು ಸರಾಸರಿ 66 ದಿನ ಹಿಡಿಯಿತು. ಕೆಲವರಿಗೆ 18, ಕೆಲವರಿಗೆ 254. ಒಂದು ದಿನ ತಪ್ಪಿಸಿದ್ದರಿಂದ ಹೇಳಿಕೊಳ್ಳುವಂಥ ನಷ್ಟವೇನೂ ಆಗಲಿಲ್ಲ.

ಶುಗರ್ ಮಾತ್ರೆ ಅಥವಾ ಇನ್ಸುಲಿನ್ ಇದ್ದರೆ ಡಾಕ್ಟರನ್ನು ಕೇಳದೆ ಊಟ ಬಿಡಬೇಡಿ. ಥೈರಾಯ್ಡ್ ಪರೀಕ್ಷೆ ಮಾಡಿಸಿಲ್ಲವಾದರೆ ಒಮ್ಮೆ ಮಾಡಿಸಿ.

ಇನ್ನು ಮಂಡಕ್ಕಿ ಮಿರ್ಚಿ. ದಾವಣಗೆರೆಯಲ್ಲಿದ್ದು ಅದನ್ನು ಬಿಡಿ ಅಂದರೆ ನನ್ನ ಮಾತು ಯಾರು ಕೇಳುತ್ತಾರೆ? ಮಂಡಕ್ಕಿ ಹಗುರ, ಭಾರ ಇರುವುದು ಮಿರ್ಚಿಯಲ್ಲಿ. ಶನಿವಾರ ಸಂಜೆ ತಿನ್ನಿ, ಆದರೆ ಅಂಗಡಿಯ ಮುಂದೆ ನಿಂತು, ಒಂದೇ ಮಿರ್ಚಿ. ಮನೆಗೆ ಪೊಟ್ಟಣ ಕಟ್ಟಿಸಿಕೊಂಡು ಬಂದರೆ ಅದು ಒಂದಕ್ಕೆ ನಿಲ್ಲುವುದಿಲ್ಲ.